ಟಿಕೆಟ್‌ಗೊಂದು ಯೂರೊ ಮಕ್ಕಳ ಐಸ್‌ಗೆ ಕೊಡಿ: ಜರ್ಮನಿಯ ಐಸ್ ಹಾಕಿ ಒಕ್ಕೂಟಕ್ಕೆ ಬಹಿರಂಗ ಪತ್ರ

ಜರ್ಮನ್ ಐಸ್ ಹಾಕಿ ಒಕ್ಕೂಟದ (ಡಿಇಬಿ) ಅಧ್ಯಕ್ಷರಿಗೂ, ದೇಶದ ಮೊದಲ ದರ್ಜೆಯ ವೃತ್ತಿಪರ ಲೀಗ್ ಆದ ಡಿಇಎಲ್‌ನ 14 ಕ್ಲಬ್‌ಗಳನ್ನು ನಡೆಸುವವರಿಗೂ ನಮಸ್ಕಾರ.

ಕಳೆದ ಜನವರಿಯಲ್ಲಿ ನಮ್ಮೂರ ಐಸ್ ರಿಂಕ್‌ನ ಕೂಲಿಂಗ್ ಯಂತ್ರ ಕೆಟ್ಟಿತು. ಎಪ್ಪತ್ತರ ದಶಕದ ಯಂತ್ರ ಅದು. ಬಿಡಿಭಾಗ ಬರಲು ಆರು ವಾರ ಬೇಕು ಎಂದರು. ಬುಧವಾರ ಸಂಜೆ ನನ್ನ ಮಗಳು ಎಂದಿನಂತೆ ಕಿಟ್ ಬ್ಯಾಗ್ ಎಳೆದುಕೊಂಡು ಬಾಗಿಲವರೆಗೂ ಹೋದಳು. ಒಳಗೆ ಐಸ್ ಇರಬೇಕಾದ ಜಾಗದಲ್ಲಿ ನೀರು ನಿಂತಿತ್ತು. ಆಮೇಲೆ ಅವಳ ತಂಡದ ಮಕ್ಕಳನ್ನು ಸುತ್ತಲಿನ ಮೂರು ಊರುಗಳ ರಿಂಕ್‌ಗಳಿಗೆ ಹಂಚಿದರು. ಒಂದು ಕಡೆ ಸಿಕ್ಕಿದ ಸಮಯ ಬೆಳಿಗ್ಗೆ ಆರು ಗಂಟೆ. ಇನ್ನೊಂದು ಕಡೆ ರಾತ್ರಿ ಎಂಟೂವರೆ. ಇವರೆಲ್ಲ ಹತ್ತು ವರ್ಷದ ಮಕ್ಕಳು. ಮಾರ್ಚ್ ಹೊತ್ತಿಗೆ 24 ಮಕ್ಕಳಲ್ಲಿ ಏಳು ಮಂದಿ ಆಟ ಬಿಟ್ಟಿದ್ದರು. ಆ ಏಳರಲ್ಲಿ ಇಬ್ಬರು ಇಡೀ ತಂಡದಲ್ಲೇ ಚೆನ್ನಾಗಿ ಸ್ಕೇಟ್ ಮಾಡುತ್ತಿದ್ದ ಹುಡುಗರು.

ಆ ಏಳು ಮಕ್ಕಳ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಕೊಡಗಿನವಳು. ಹನ್ನೊಂದು ವರ್ಷದಿಂದ ಬವೇರಿಯಾದ ಒಂದು ಸಣ್ಣ ಊರಿನಲ್ಲಿದ್ದೇನೆ. ಕೆಲಸ ಮ್ಯೂನಿಕ್‌ನಲ್ಲಿ. ಈ ಪತ್ರದ ಜರ್ಮನ್ ಪ್ರತಿಯನ್ನು ನಿಮ್ಮ ಕಚೇರಿಗೆ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣವಿದೆ. ಮ್ಯೂನಿಕ್, ಸ್ಟುಟ್‌ಗಾರ್ಟ್, ಮನ್‌ಹೈಮ್ ಸುತ್ತಮುತ್ತ ಎಷ್ಟೋ ಕನ್ನಡ ಕುಟುಂಬಗಳಿವೆ. ಅವರ ಮಕ್ಕಳು ಇಲ್ಲೇ ಶಾಲೆಗೆ ಹೋಗುತ್ತಾರೆ, ಇಲ್ಲೇ ಬೆಳೆಯುತ್ತಾರೆ. ಐಸ್ ಹಾಕಿ ನಮಗಲ್ಲ ಅಂದುಕೊಂಡವರೇ ಅವರಲ್ಲಿ ಜಾಸ್ತಿ. ನೀವು ಅವರನ್ನು ಕರೆಯಲಿಲ್ಲ. ಅವರೂ ಬಂದು ಕೇಳಲಿಲ್ಲ. ಇಬ್ಬರೂ ಇದನ್ನು ಓದಲಿ ಎಂಬುದು ನನ್ನ ಆಸೆ.

ಆಗಿರುವ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. 2018ರ ಫೆಬ್ರುವರಿ 25, ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನ ಫೈನಲ್. ಜರ್ಮನಿಯಲ್ಲಿ ಆಗಿನ್ನೂ ನಸುಕು. ನಮ್ಮ ಬೀದಿಯಲ್ಲಿ ಮನೆಮನೆಯಲ್ಲೂ ದೀಪ ಉರಿಯುತ್ತಿತ್ತು. ರಷ್ಯದ ಆಟಗಾರರ ಎದುರು ಜರ್ಮನಿ 3-2ರಿಂದ ಮುಂದಿತ್ತು. ಆಟ ಮುಗಿಯಲು ಒಂದು ನಿಮಿಷವೂ ಇರಲಿಲ್ಲ. ಆಗ ಸಮಬಲದ ಗೋಲು ಬಿತ್ತು. ಹೆಚ್ಚುವರಿ ಸಮಯದಲ್ಲಿ 4-3ಕ್ಕೆ ಪಂದ್ಯ ಕೈಬಿಟ್ಟಿತು. ಆದರೂ ಬೆಳ್ಳಿ ಬಂತು. ಮಾರ್ಕೊ ಸ್ಟುರ್ಮ್ ಕೋಚ್ ಆಗಿದ್ದ ಆ ತಂಡ ಸ್ವೀಡನ್ನನ್ನೂ ಕೆನಡಾವನ್ನೂ ಸೋಲಿಸಿ ಫೈನಲ್‌ಗೆ ಬಂದಿತ್ತು. ಅದಕ್ಕೂ ನಾಲ್ಕು ವರ್ಷ ಮುಂಚೆ ಸೋಚಿ ಒಲಿಂಪಿಕ್ಸ್‌ಗೆ ಜರ್ಮನಿಗೆ ಅರ್ಹತೆಯೇ ಸಿಕ್ಕಿರಲಿಲ್ಲ. 2023ರಲ್ಲಿ ಟಾಂಪೆರೆಯ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಇನ್ನೊಂದು ಬೆಳ್ಳಿ ಬಂತು. ಲಿಯಾನ್ ಡ್ರೈಸೈಟಲ್ 2020ರಲ್ಲಿ ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್‌ನ ಅತ್ಯುತ್ತಮ ಆಟಗಾರ ಎನಿಸಿದರು. ಮೊರಿಟ್ಸ್ ಸೈಡರ್ 2022ರಲ್ಲಿ ಅಲ್ಲಿನ ಅತ್ಯುತ್ತಮ ಹೊಸಬ. ಮಹಿಳಾ ತಂಡ 2014ರ ನಂತರ ಮೊದಲ ಸಲ 2026ರ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯಿತು. 2014ರಲ್ಲಿ ನೀವು 'ಪವರ್‌ಪ್ಲೇ 26' ಎಂಬ ಯೋಜನೆ ಹಾಕಿದಿರಿ. ಕ್ಲಬ್‌ಗಳ ಮಕ್ಕಳ ವಿಭಾಗಕ್ಕೆ ಐದರವರೆಗೆ ನಕ್ಷತ್ರ ಕೊಟ್ಟು ಅಳೆಯುವ ಪದ್ಧತಿ ತಂದಿರಿ. ಅದರಿಂದ ಎಷ್ಟೋ ಕ್ಲಬ್‌ಗಳು ಒಳ್ಳೆಯ ಕೋಚ್‌ಗಳನ್ನು ಸಂಬಳಕ್ಕೆ ಇಟ್ಟುಕೊಂಡವು. ಇದೆಲ್ಲ ನಿಜವಾದ ಕೆಲಸ. ಅದಕ್ಕೆ ನಾನು ಋಣಿ.

ಆದರೆ ಆ ಪದಕಗಳ ಹಿಂದಿನ ಹೆಸರುಗಳನ್ನು ಭೂಪಟದ ಮೇಲೆ ಇಟ್ಟು ನೋಡಿ. ಸೈಡರ್ ಆಟ ಕಲಿತದ್ದು ಎರ್ಫುರ್ಟ್‌ನಲ್ಲಿ. ಡಿಇಎಲ್ ತಂಡ ಇಲ್ಲದ ಊರು ಅದು. ಆಮೇಲೆ ಡಿಇಎಲ್ ಕ್ಲಬ್ ಮನ್‌ಹೈಮ್ ಅವರನ್ನು ದೊಡ್ಡ ಆಟಗಾರನಾಗಿ ಮಾಡಿತು. ಟಿಮ್ ಸ್ಟ್ಯೂಟ್ಸ್‌ಲೆ ಕ್ರೆಫೆಲ್ಡ್‌ನ ಮಕ್ಕಳ ವಿಭಾಗದಲ್ಲಿ ಬೆಳೆದು, ಅವರೂ ಮನ್‌ಹೈಮ್ ಮೂಲಕ ಎನ್‌ಎಚ್‌ಎಲ್‌ಗೆ ಹೋದರು. ಗೋಲ್‌ಕೀಪರ್ ಫಿಲಿಪ್ ಗ್ರುಬಾವರ್ ರೋಸನ್‌ಹೈಮ್‌ನವರು. ಮನ್‌ಹೈಮ್ ಮಾಡಿದ ಕೆಲಸ ಸಣ್ಣದಲ್ಲ. ಆದರೆ ಆರು ವರ್ಷದ ಮಗುವಿನ ಸ್ಕೇಟ್ಸ್ ಲೇಸ್ ಬಿಗಿದವರು, ಬಿದ್ದಾಗ ಎತ್ತಿದವರು, ಮೊದಲ ಸ್ಟಿಕ್ ಕೈಗೆ ಕೊಟ್ಟವರು ಸಣ್ಣ ಕ್ಲಬ್‌ಗಳವರು. ಮಗು ಹದಿನಾಲ್ಕು ಹದಿನೈದಕ್ಕೆ ಬಂದಾಗ ದೊಡ್ಡ ಅಕಾಡೆಮಿ ಕರೆಯುತ್ತದೆ. ತರಬೇತಿ ಕೊಟ್ಟ ಕ್ಲಬ್‌ಗೆ ಪರಿಹಾರ ಕೊಡುವ ನಿಯಮ ಇದೆ ಎಂದು ನನಗೆ ಗೊತ್ತು. ಎಂಟು ವರ್ಷದ ದುಡಿಮೆಗೆ ಅದು ಏನೇನೂ ಸಾಲದು. ಮಗುವಿನ ಜೊತೆ ಆ ಊರಿನ ಹೆಮ್ಮೆಯೂ ಹೊರಟುಹೋಗುತ್ತದೆ.

ಇನ್ನೊಂದು ವಿಷಯ ಗಮನಿಸಿ. ಈ ಆಟ ಅಪ್ಪನಿಂದ ಮಗನಿಗೆ ಬರುತ್ತಿದೆ. ಲಿಯಾನ್ ಅವರ ತಂದೆ ಪೀಟರ್ ಡ್ರೈಸೈಟಲ್. 1992ರ ಆಲ್ಬರ್ಟ್‌ವಿಲ್ ಒಲಿಂಪಿಕ್ಸ್‌ನಲ್ಲಿ ಕೆನಡಾ ಎದುರು ಪೆನಾಲ್ಟಿ ಹೊಡೆದವರು. ಪಕ್ (ಚೆಂಡಿನ ಬದಲು ಬಳಸುವ ರಬ್ಬರ್ ಬಿಲ್ಲೆ) ಉರುಳುತ್ತಾ ಹೋಗಿ ಗೋಲ್ ಲೈನ್ ಮೇಲೆಯೇ ನಿಂತುಬಿಟ್ಟಿತು. ಇವತ್ತಿಗೂ ಇಲ್ಲಿನ ಹಿರಿಯರು ಅದನ್ನು ಹೇಳುವಾಗ ಕೈಬೆರಳಲ್ಲಿ ಆ ಅಂತರ ತೋರಿಸುತ್ತಾರೆ. ಟಾಮ್ ಕ್ಯೂನ್‌ಹಾಕಲ್ ದೊಡ್ಡ ಆಟಗಾರ ಎರಿಕ್ ಕ್ಯೂನ್‌ಹಾಕಲ್ ಅವರ ಮಗ. ಮನೆಯಲ್ಲೇ ಆಟ ಇದ್ದವರಿಗೆ ದಾರಿ ಗೊತ್ತು. ಮನೆಯಲ್ಲಿ ಆಟ ಇಲ್ಲದವರಿಗೆ ರಿಂಕ್‌ನ ಬಾಗಿಲು ಯಾವ ಕಡೆ ಇದೆ ಎಂಬುದೂ ಗೊತ್ತಿಲ್ಲ. ಎಂಟು ಕೋಟಿಗೂ ಹೆಚ್ಚು ಜನರಿರುವ ದೇಶ ಇದು. 55 ಲಕ್ಷ ಜನರ ಫಿನ್‌ಲೆಂಡ್‌ನಲ್ಲಿ ಇಲ್ಲಿಗಿಂತ ಜಾಸ್ತಿ ನೋಂದಾಯಿತ ಆಟಗಾರರಿದ್ದಾರೆ. ಒಂದು ಕೋಟಿಯೂ ಜನರಿಲ್ಲದ ಸ್ವಿಟ್ಜರ್‌ಲೆಂಡ್ 2013, 2018, 2024, 2025 ಹೀಗೆ ನಾಲ್ಕು ಸಲ ವಿಶ್ವ ಚಾಂಪಿಯನ್‌ಷಿಪ್ ಫೈನಲ್ ಆಡಿದೆ. ಇದನ್ನು ನೋಡಿದರೆ ಪ್ರತಿಭೆ ಸಾಲದು ಎಂದು ನನಗೆ ಅನ್ನಿಸುವುದಿಲ್ಲ. ಮಕ್ಕಳು ಐಸ್ ಮುಟ್ಟುವ ಮೊದಲೇ ನಾವು ಅವರನ್ನು ಕಳೆದುಕೊಳ್ಳುತ್ತಿದ್ದೇವೆ.

ಈಗ ಲೀಗ್‌ಗಳ ಮಾತಿಗೆ ಬರುತ್ತೇನೆ. ನಮ್ಮ ಓದುಗರಿಗೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿದೆ. ಜರ್ಮನಿಯಲ್ಲಿ ದೊಡ್ಡವರ ವೃತ್ತಿಪರ ತಂಡ ಸಾಮಾನ್ಯವಾಗಿ ಒಂದು ಕಂಪನಿ. ಮಕ್ಕಳ ತಂಡಗಳು ಒಂದು ಸಂಘ, ಇಲ್ಲಿನ ಮಾತಿನಲ್ಲಿ 'ಫೆರೈನ್'. ಹೆಸರು, ಬಣ್ಣ, ಜರ್ಸಿ ಮೇಲಿನ ಪ್ರಾಣಿ ಒಂದೇ ಇರಬಹುದು. ಹಣದ ಖಾತೆ ಬೇರೆ. ಕಂಪನಿಯಲ್ಲಿ ಸಂಬಳ ತೆಗೆದುಕೊಳ್ಳುವವರಿದ್ದಾರೆ. ಸಂಘದಲ್ಲಿ ಬಹುತೇಕ ಎಲ್ಲರೂ ಸಂಬಳವಿಲ್ಲದೆ ದುಡಿಯುವವರು. ಪಂದ್ಯದ ದಿನ ಗಡಿಯಾರ ನೋಡಿಕೊಳ್ಳುವುದು ಒಬ್ಬರ ಅಪ್ಪ. ಕೇಕ್ ಮಾರಿ ಬಸ್ ಬಾಡಿಗೆ ಹೊಂದಿಸುವುದು ಇನ್ನೊಬ್ಬರ ಅಮ್ಮ. ನಾನೂ ಎರಡು ಚಳಿಗಾಲ ಆ ಕೇಕ್ ಮೇಜಿನ ಹಿಂದೆ ನಿಂತಿದ್ದೇನೆ. ದೊಡ್ಡ ಲೀಗ್ ಗಟ್ಟಿಯಾಗಿ ನಿಂತಿರುವುದು ಈ ಜನರ ಹೆಗಲ ಮೇಲೆ. ಲೀಗ್ ಅಲುಗಾಡಿದಾಗ ಮೊದಲು ಪೆಟ್ಟು ಬೀಳುವುದೂ ಇವರಿಗೇ.

ಲೀಗ್ ಎಷ್ಟು ಸಲ ಅಲುಗಾಡಿದೆ ನೋಡಿ. 1994ರಲ್ಲಿ ಹಳೆಯ ಬುಂಡೆಸ್‌ಲೀಗಾ ಬಿಟ್ಟು ಡಿಇಎಲ್ ಶುರುವಾಯಿತು. ಸಾಲದಲ್ಲಿ ಮುಳುಗಿದ್ದ ಕ್ಲಬ್‌ಗಳಿಗೆ ಸ್ಥಿರತೆ ಕೊಡುವುದು ಉದ್ದೇಶ. ಮೊದಲ ಸೀಸನ್ ಮುಗಿಯುವ ಮುಂಚೆಯೇ, ಹಿಂದಿನ ವರ್ಷದ ಚಾಂಪಿಯನ್ ಆಗಿದ್ದ ಮ್ಯೂನಿಕ್ ತಂಡ ಬಾಗಿಲು ಹಾಕಿತು. 2010ರಲ್ಲಿ ಚಾಂಪಿಯನ್ ಆದ ಹನೋವರ್ ಸ್ಕಾರ್ಪಿಯನ್ಸ್ ಮೂರೇ ವರ್ಷದಲ್ಲಿ ಲೀಗ್‌ನಲ್ಲಿ ಆಡುವ ತನ್ನ ಲೈಸೆನ್ಸ್ ಅನ್ನು ಶ್ವೆನಿಂಗನ್‌ಗೆ ಮಾರಿತು. 2016ರಲ್ಲಿ ಹ್ಯಾಂಬರ್ಗ್ ಫ್ರೀಜರ್ಸ್ ತಂಡದ ಅಮೆರಿಕನ್ ಮಾಲೀಕರು ಕೈಬಿಟ್ಟರು. ಅಭಿಮಾನಿಗಳು, ಆಟಗಾರರು ಸೇರಿ ದಿನಗಳಲ್ಲಿ ಲಕ್ಷಾಂತರ ಯೂರೊ ಒಟ್ಟುಮಾಡಿದರು. ಅದೂ ಸಾಲಲಿಲ್ಲ. ದೇಶದ ಎರಡನೇ ದೊಡ್ಡ ನಗರದ ಮಕ್ಕಳು ತಮ್ಮೂರಲ್ಲಿ ಕೂತು ನೋಡಬಹುದಾದ ಮೊದಲ ದರ್ಜೆಯ ತಂಡವನ್ನು ಹೀಗೆ ಒಂದೇ ವಾರದಲ್ಲಿ ಕಳೆದುಕೊಂಡರು.

ಯುರೋಪಿನ ನ್ಯಾಯಾಲಯದ 1995ರ ಬಾಸ್ಮನ್ ತೀರ್ಪಿನ ನಂತರ ಯುರೋಪಿನ ಆಟಗಾರರಿಗೆ ಗಡಿಗಳು ತೆರೆದವು. ಡಿಇಎಲ್ ತಂಡಗಳಲ್ಲಿ ಜರ್ಮನಿಯ ಹುಡುಗರು ಬೆರಳೆಣಿಕೆಯಷ್ಟು ಉಳಿದರು. 1998ರಲ್ಲಿ ರಾಷ್ಟ್ರೀಯ ತಂಡ ವಿಶ್ವ ಚಾಂಪಿಯನ್‌ಷಿಪ್‌ನ ಮೇಲಿನ ಗುಂಪಿನಿಂದಲೇ ಕೆಳಗೆ ಬಿತ್ತು. ಎರಡಕ್ಕೂ ಸಂಬಂಧ ಇಲ್ಲ ಎಂದು ಯಾರೂ ಹೇಳಲಾರರು. ಈಗ ಒಂದು ತಂಡಕ್ಕೆ ಸೀಸನ್‌ಗೆ ವಿದೇಶಿ ಆಟಗಾರರ 11 ಲೈಸೆನ್ಸ್, ಒಂದು ಪಂದ್ಯದಲ್ಲಿ 9 ಮಂದಿ ಎಂಬ ಮಿತಿ ಇದೆ. ಜೊತೆಗೆ 23ರೊಳಗಿನವರಿಗೂ ತಂಡದಲ್ಲಿ ಜಾಗ ಮೀಸಲಿದೆ. ಆದರೆ ಜಾಗ ಬೇರೆ, ಆಡುವ ನಿಮಿಷ ಬೇರೆ. ಎಷ್ಟೋ ಹುಡುಗರು ಹೆಲ್ಮೆಟ್ ಹಾಕಿಕೊಂಡು ಬೆಂಚಿನ ತುದಿಯಲ್ಲಿ ಕೂತು ಇಡೀ ಸಂಜೆ ಕಳೆಯುತ್ತಾರೆ. ಬರಿಯ ಪಟ್ಟಿಯಲ್ಲಿನ ಹೆಸರು ಎಣಿಸಬೇಡಿ. ಐಸ್ ಮೇಲಿನ ನಿಮಿಷ ಎಣಿಸಿ. ಆ ಲೆಕ್ಕ ಪ್ರತಿ ಪಂದ್ಯಕ್ಕೂ ನಿಮ್ಮ ಬಳಿಯೇ ಇದೆಯಲ್ಲ. 23ರೊಳಗಿನವರನ್ನು ಜಾಸ್ತಿ ಹೊತ್ತು ಆಡಿಸಿದ ಕ್ಲಬ್‌ಗೆ ಲೀಗ್‌ನ ಹಣದಲ್ಲಿ ಜಾಸ್ತಿ ಪಾಲು ಕೊಡಿ.

ಸೋತ ತಂಡ ಕೆಳಗಿನ ಲೀಗ್‌ಗೆ ಇಳಿದು, ಅಲ್ಲಿ ಗೆದ್ದ ತಂಡ ಮೇಲೆ ಬರುವ ನಿಯಮದ ಬಗ್ಗೆ ನನ್ನ ಗೆಳೆಯರಲ್ಲೇ ಎರಡು ಅಭಿಪ್ರಾಯ. ಬಹಳ ವರ್ಷ ಲೀಗ್‌ನಲ್ಲಿ ಕೆಳಗಿಳಿಯುವ ಭಯ ಇರಲಿಲ್ಲ. ಈಗ ಇದೆ. 2021ರಲ್ಲಿ ಮೇಲೆ ಬಂದ ಬೀಟಿಗ್‌ಹೈಮ್ 2023ರಲ್ಲಿ ಇಳಿಯಿತು. ಸ್ಟ್ಯೂಟ್ಸ್‌ಲೆಯನ್ನು ಕೊಟ್ಟ ಕ್ರೆಫೆಲ್ಡ್ 2022ರಲ್ಲಿ ಇಳಿಯಿತು. 2025ರಲ್ಲಿ ಎಂಟು ಬಾರಿಯ ಚಾಂಪಿಯನ್ ಡ್ಯೂಸೆಲ್‌ಡಾರ್ಫ್ ಇಳಿದು ಡ್ರೆಸ್ಡೆನ್ ಮೇಲೆ ಬಂತು. ಡ್ರೆಸ್ಡೆನ್‌ನಲ್ಲಿ ಆ ರಾತ್ರಿ ಜನ ಅತ್ತದ್ದನ್ನು ನೆನೆದರೆ ಈ ನಿಯಮ ಬೇಕೇ ಬೇಕು ಅನ್ನಿಸುತ್ತದೆ. ಸಣ್ಣ ಊರಿಗೂ ಕನಸು ಇರಬೇಕು. ಆದರೆ ಕೊನೆಯ ಸ್ಥಾನದ ಭಯದಲ್ಲಿರುವ ಕ್ಲಬ್ ಜನವರಿಯಲ್ಲಿ ಏನು ಮಾಡುತ್ತದೆ? ಹತ್ತೊಂಬತ್ತರ ಹುಡುಗನನ್ನು ಕೂರಿಸಿ, ಕೆನಡಾದಿಂದ ಮೂವತ್ತೆರಡರವನನ್ನು ಕರೆತರುತ್ತದೆ. ಕೆಳಗಿಳಿದ ಕ್ಲಬ್‌ನ ಆದಾಯ ಕುಸಿದರೆ ಮೊದಲು ಕತ್ತರಿ ಬೀಳುವುದು ಮಕ್ಕಳ ಕೋಚ್‌ನ ಸಂಬಳಕ್ಕೆ. ಆದ್ದರಿಂದ ನಿಯಮ ಇರಲಿ. ಕೆಳಗಿಳಿದ ಕ್ಲಬ್‌ನ ಮಕ್ಕಳ ವಿಭಾಗಕ್ಕೆ ಎರಡು ವರ್ಷ ಪೂರ್ತಿ ಲೀಗ್‌ನ ನಿಧಿಯಿಂದ ಹಣ ಹೋಗಲಿ. ಆ ಮಕ್ಕಳು ಯಾವ ಪಂದ್ಯವನ್ನೂ ಸೋತಿಲ್ಲ ಅಲ್ವಾ?

ಇನ್ನು ರಿಂಕ್‌ಗಳು. ನನ್ನ ಪತ್ರದ ಮುಖ್ಯ ವಿಷಯ ಇದೇ.

ಫುಟ್‌ಬಾಲ್‌ಗೆ ಒಂದು ಹುಲ್ಲುಗಾವಲು ಸಾಕು. ಐಸ್ ಹಾಕಿಗೆ ಕಟ್ಟಡ ಬೇಕು, ಯಂತ್ರ ಬೇಕು, ಕರೆಂಟ್ ಬೇಕು. ಇಲ್ಲಿನ ರಿಂಕ್‌ಗಳಲ್ಲಿ ಬಹಳಷ್ಟು ಅರವತ್ತು, ಎಪ್ಪತ್ತರ ದಶಕದವು. ಹೆಚ್ಚಿನವು ಊರ ಆಡಳಿತದ ಸೊತ್ತು. 2006ರ ಜನವರಿ 2ರಂದು ಬಾಡ್ ರೈಖನ್‌ಹಾಲ್‌ನಲ್ಲಿ ಹಿಮದ ಭಾರಕ್ಕೆ ರಿಂಕ್‌ನ ಛಾವಣಿ ಕುಸಿದು 15 ಮಂದಿ ಸತ್ತರು. ಅವರಲ್ಲಿ 12 ಮಕ್ಕಳು ಮತ್ತು ಹದಿಹರೆಯದವರು. ಬವೇರಿಯಾದಲ್ಲಿ ರಿಂಕ್‌ನ ಮಾತು ಬಂದರೆ ಇವತ್ತಿಗೂ ಹಿರಿಯರು ಒಮ್ಮೆ ತಲೆಯೆತ್ತಿ ಛಾವಣಿ ನೋಡುತ್ತಾರೆ. ಆಮೇಲೆ ಕೊರೊನಾ ಬಂತು. ಮಕ್ಕಳು ಸುಮಾರು ಒಂದು ಪೂರ್ತಿ ಚಳಿಗಾಲ ಆಟ ಕಳೆದುಕೊಂಡರು. 2022ರಲ್ಲಿ ರಷ್ಯದ ಗ್ಯಾಸ್ ನಿಂತು ಕರೆಂಟ್ ದರ ಏರಿತು. ಎಷ್ಟೋ ಊರುಗಳಲ್ಲಿ ಐಸ್ ತಡವಾಗಿ ಹಾಕಿದರು, ಬೇಗ ಕರಗಿಸಿದರು. ಐಸ್ ಗಂಟೆ ಕಡಿಮೆಯಾದಾಗ ಕೊನೆಗೆ ಉಳಿಯುವುದು ದೊಡ್ಡವರ ತಂಡದ ಗಂಟೆ. ಮೊದಲು ಹೋಗುವುದು ಸ್ಕೇಟಿಂಗ್ ಕಲಿಸುವ 'ಲೌಫ್‌ಶೂಲೆ'ಯ ಗಂಟೆ. ಅಲ್ಲಿ ನಾಲ್ಕೈದು ವರ್ಷದ ಮಕ್ಕಳು ಪ್ಲಾಸ್ಟಿಕ್ ಗೊಂಬೆ ಹಿಡಿದುಕೊಂಡು ಮೊದಲ ಹೆಜ್ಜೆ ಇಡುತ್ತಾರೆ. ಈ ವರ್ಷ ಆ ಗಂಟೆ ತಪ್ಪಿದರೆ ಹದಿನೈದು ವರ್ಷದ ನಂತರ ಒಬ್ಬ ಡಿಫೆಂಡರ್ ಇರುವುದಿಲ್ಲ. ಅವನು ಯಾಕಿಲ್ಲ ಎಂದು ಆಗ ಯಾರಿಗೂ ಗೊತ್ತಾಗುವುದೂ ಇಲ್ಲ.

ಒಂದು ಊರು ತನ್ನ ರಿಂಕ್ ಮತ್ತು ಮಕ್ಕಳನ್ನು ಬಿಡದೆ ಹಿಡಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ನಿಮ್ಮ ಚರಿತ್ರೆಯಲ್ಲೇ ಉದಾಹರಣೆ ಇದೆ. ವೈಸ್‌ವಾಸರ್, ಪೋಲೆಂಡ್ ಗಡಿ ಹತ್ತಿರದ ಗಾಜಿನ ಕಾರ್ಖಾನೆಗಳ ಊರು. 1970ರಲ್ಲಿ ಪೂರ್ವ ಜರ್ಮನಿಯ ಸರ್ಕಾರ ಐಸ್ ಹಾಕಿಗೆ ಖರ್ಚು ಜಾಸ್ತಿ, ಪದಕ ಕಡಿಮೆ ಎಂದು ಬೆಂಬಲ ನಿಲ್ಲಿಸಿತು. ಉಳಿದದ್ದು ಎರಡೇ ತಂಡ, ಡೈನಮೋ ಬರ್ಲಿನ್ ಮತ್ತು ಡೈನಮೋ ವೈಸ್‌ವಾಸರ್. 1970ರಿಂದ 1990ರವರೆಗೆ ಆ ಎರಡು ತಂಡಗಳೇ ಮತ್ತೆ ಮತ್ತೆ ಆಡಿ ಚಾಂಪಿಯನ್ ಯಾರು ಎಂದು ತೀರ್ಮಾನಿಸಿಕೊಂಡವು. ಜಗತ್ತಿನ ಅತಿ ಸಣ್ಣ ಲೀಗ್ ಎಂದು ಅದನ್ನು ಕರೆಯುತ್ತಾರೆ. ಇಪ್ಪತ್ತು ವರ್ಷ ಒಂದೇ ಎದುರಾಳಿ! ಆದರೂ ಆ ಊರು ಬಿಡಲಿಲ್ಲ. ಬರ್ಲಿನ್ ಗೋಡೆ ಬಿದ್ದು, ಕಾರ್ಖಾನೆಗಳು ಮುಚ್ಚಿ, ಅರ್ಧಕ್ಕರ್ಧ ಜನ ಊರು ಬಿಟ್ಟ ಮೇಲೂ ಅಲ್ಲಿ ಹಾಕಿ ಉಳಿದಿದೆ. ಇನ್ನೊಂದು ಕಡೆ ಫ್ಯೂಸನ್ ಇದೆ. ಹದಿನಾರು ಬಾರಿ ಜರ್ಮನ್ ಚಾಂಪಿಯನ್. 2015ರಲ್ಲಿ ದಿವಾಳಿಯಾಗಿ ಸಂಘವನ್ನು ಹೊಸದಾಗಿ ಕಟ್ಟಬೇಕಾಯಿತು. ಆ ಎರಡೂ ಊರುಗಳಿಗೆ ಹೋಗಿ ಬಂದಿದ್ದೇನೆ. ಎರಡು ಕಡೆಯೂ ಶನಿವಾರ ಬೆಳಿಗ್ಗೆ ಐಸ್ ತುಂಬ ಪುಟ್ಟ ಮಕ್ಕಳಿದ್ದರು. ನಾನು ಬಹಳ ಹೊತ್ತು ಗಾಜಿಗೆ ಅಂಟಿಕೊಂಡು ನಿಂತಿದ್ದೆ.

ಹಣ ಎಲ್ಲಿಂದ ಎಂದು ನೀವು ಕೇಳುತ್ತೀರಿ. ಲೆಕ್ಕ ಹಾಕೋಣ. 14 ತಂಡ, ತಂಡಕ್ಕೆ 52 ಪಂದ್ಯ. ಅಂದರೆ ಸೀಸನ್ ಕೊನೆಯ ಪ್ಲೇಆಫ್ ಪಂದ್ಯಗಳನ್ನು ಬಿಟ್ಟು 364 ಪಂದ್ಯ. ಈಚಿನ ಸೀಸನ್‌ಗಳಲ್ಲಿ ಒಂದು ಪಂದ್ಯಕ್ಕೆ ಸರಾಸರಿ 7,000ಕ್ಕೂ ಹೆಚ್ಚು ಜನ ಬಂದಿದ್ದಾರೆ. ಅಂದರೆ 25 ಲಕ್ಷ ಟಿಕೆಟ್. ಪ್ರತಿ ಟಿಕೆಟ್‌ನಿಂದ ಒಂದೇ ಒಂದು ಯೂರೊ ತೆಗೆದಿಟ್ಟರೆ ವರ್ಷಕ್ಕೆ 25 ಲಕ್ಷ ಯೂರೊ. ಕಲೋನ್‌ನಲ್ಲಿ ಪಂದ್ಯ ನೋಡಲು ಬರುವ ಯಾರೂ ಆ ಒಂದು ಯೂರೊಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಟಿಕೆಟ್ ಮೇಲೆ ಆ ಯೂರೊ ಯಾವ ಊರಿನ ಮಕ್ಕಳ ಐಸ್‌ಗೆ ಹೋಯಿತು ಎಂದು ಅಚ್ಚು ಹಾಕಿಸಿ. ಜನ ಸಂತೋಷದಿಂದ ಕೊಡುತ್ತಾರೆ. ಈ ಹಣದಿಂದ ಹೊಸ ರಿಂಕ್ ಕಟ್ಟಲು ಆಗುವುದಿಲ್ಲ, ಅದು ನನಗೆ ಗೊತ್ತು. ಆದರೆ ಕೆಟ್ಟ ಯಂತ್ರದ ಬಿಡಿಭಾಗ ತರಿಸಬಹುದು. ನಮ್ಮಂಥ ಊರಿನ ಆ ಆರು ವಾರವನ್ನು ಆರು ದಿನಕ್ಕೆ ಇಳಿಸಬಹುದು. ಲೌಫ್‌ಶೂಲೆಯ ಗಂಟೆಗಳಿಗೆ ಬಾಡಿಗೆ ಕಟ್ಟಬಹುದು. 2024ರಲ್ಲಿ ಮ್ಯೂನಿಕ್‌ನಲ್ಲಿ ತೆರೆದ ಎಸ್‌ಎಪಿ ಗಾರ್ಡನ್‌ನಲ್ಲಿ ದೊಡ್ಡ ಅಂಗಣದ ಜೊತೆ ಇನ್ನೂ ಮೂರು ಐಸ್ ಅಂಗಣಗಳಿವೆ. ಅದನ್ನು ನೋಡಿ ನನಗೆ ಬಹಳ ಖುಷಿಯಾಯಿತು. ಆದರೆ ಎಲ್ಲ ಊರಿಗೂ ಅಂಥ ಪ್ರಾಯೋಜಕರು ಸಿಗುವುದಿಲ್ಲ.

ಪಂದ್ಯಗಳು ಹೆಚ್ಚಾಗಿ ಹಣ ಕಟ್ಟುವ ಚಾನೆಲ್‌ನಲ್ಲೇ ಬರುತ್ತವೆ. ಹಾಕಿ ಗೊತ್ತಿಲ್ಲದ ಮನೆಯ ಮಗುವಿಗೆ ಅದು ಕಣ್ಣಿಗೆ ಬೀಳುವುದೇ ಇಲ್ಲ. ಪ್ರತಿ ಕ್ಲಬ್ ವರ್ಷಕ್ಕೊಮ್ಮೆ ತನ್ನ ಊರಿನ ಎಲ್ಲ ಕಿಂಡರ್‌ಗಾರ್ಟನ್ ಮಕ್ಕಳನ್ನು ರಿಂಕ್‌ಗೆ ಕರೆಯಲಿ. ಚೀಟಿಯನ್ನು ಟರ್ಕಿಷ್, ಅರೇಬಿಕ್, ಉಕ್ರೇನಿಯನ್, ಇಂಗ್ಲಿಷ್ ಎಲ್ಲದರಲ್ಲೂ ಬರೆಯಿರಿ. ಕನ್ನಡದ ಚೀಟಿ ನಾನೇ ಬರೆದುಕೊಡುತ್ತೇನೆ. ಪ್ಯಾಡ್, ಹೆಲ್ಮೆಟ್, ಸ್ಕೇಟ್ಸ್ ಎರವಲು ಕೊಡುವ ಒಂದು ಕೋಣೆ ಪ್ರತಿ ಕ್ಲಬ್‌ನಲ್ಲೂ ಇರಲಿ. ಕೆಲವು ಕಡೆ ಈಗಲೇ ಇದೆ, ಚೆನ್ನಾಗಿ ನಡೆಯುತ್ತಿದೆ. ಗೋಲ್‌ಕೀಪರ್ ಕಿಟ್‌ನ ಬೆಲೆ ಕೇಳಿ ಹಿಂದೆ ಹೋದ ಅಪ್ಪಂದಿರನ್ನು ನಾನು ನೋಡಿದ್ದೇನೆ.

ಯಾಕೆ ಇಷ್ಟು ಹಟ ಮಾಡುತ್ತೇನೆ ಎಂದರೆ, ನಾನು ಹುಟ್ಟಿದ ನೆಲದಲ್ಲಿ ಹಾಕಿ ಹೀಗೇ ಬೆಳೆಯಿತು. ಅಲ್ಲಿಯದು ಹುಲ್ಲಿನ ಮೇಲಿನ ಹಾಕಿ. 1997ರಲ್ಲಿ ಕರಡ ಎಂಬ ಹಳ್ಳಿಯಲ್ಲಿ ಪಾಂಡಂಡ ಕುಟ್ಟಪ್ಪನವರು 60 ಒಕ್ಕಗಳನ್ನು, ಅಂದರೆ ಮನೆತನಗಳನ್ನು, ಸೇರಿಸಿ ಕೊಡವ ಹಾಕಿ ಹಬ್ಬ ಶುರುಮಾಡಿದರು. ಈಗ ಮುನ್ನೂರಕ್ಕೂ ಹೆಚ್ಚು ಒಕ್ಕಗಳ ತಂಡಗಳು ಬರುತ್ತವೆ. ತಂಡ ಸೇರಲು ಆ ಮನೆತನದವರಾದರೆ ಸಾಕು. ಹೆಂಗಸರು, ಶಾಲೆಯ ಹುಡುಗರು, ತಲೆ ನರೆತವರು ಎಲ್ಲ ಒಂದೇ ತಂಡದಲ್ಲಿ ಆಡುತ್ತಾರೆ. ನನ್ನ ಕೈಗೆ ಮೊದಲು ಸ್ಟಿಕ್ ಕೊಟ್ಟದ್ದು ನನ್ನ ಅಜ್ಜಿ. ಪುಟ್ಟ ಕೊಡಗಿನಿಂದ ಇಷ್ಟೊಂದು ಜನ ಭಾರತ ತಂಡಕ್ಕೆ ಆಡಿದ್ದು ಹೇಗೆ ಎಂದು ಇಲ್ಲಿನ ಕೋಚ್ ಒಬ್ಬರು ಕೇಳಿದರು. ಅಲ್ಲಿ ಯಾರನ್ನೂ ಬಾಗಿಲ ಹೊರಗೆ ನಿಲ್ಲಿಸುವುದಿಲ್ಲ ಎಂದೆ.

ಜರ್ಮನಿಯಲ್ಲಿರುವ ಕನ್ನಡದ ಅಪ್ಪ-ಅಮ್ಮಂದಿರಿಗೂ ಎರಡು ಮಾತು. ಚಳಿ ಆಗುತ್ತದೆ, ಪೆಟ್ಟಾಗುತ್ತದೆ, ಓದು ಕೆಡುತ್ತದೆ ಎಂದು ಹೆದರಬೇಡಿ. ಸಣ್ಣ ಮಕ್ಕಳು ಅರ್ಧ ಅಂಗಣಕ್ಕಿಂತಲೂ ಸಣ್ಣ ಜಾಗದಲ್ಲಿ, ಅಡ್ಡಡ್ಡಲಾಗಿ ಆಡುತ್ತಾರೆ. ಮೈಮೇಲೆ ಪೂರ್ತಿ ಪ್ಯಾಡ್ ಇರುತ್ತದೆ. ಹೆಣ್ಣುಮಕ್ಕಳು ಹುಡುಗರ ಜೊತೆಗೇ ಆಡುತ್ತಾರೆ. ನನ್ನ ಮಗಳು ಜರ್ಮನ್ ಕಲಿತದ್ದು ಶಾಲೆಗಿಂತ ಜಾಸ್ತಿ ಆ ಬಟ್ಟೆ ಬದಲಿಸುವ ಕೋಣೆಯಲ್ಲಿ. ನಾನು ಈ ಊರಿನವಳಾದದ್ದೂ ಅಲ್ಲೇ. ಹತ್ತಿರದ ಕ್ಲಬ್‌ಗೆ ಫೋನ್ ಮಾಡಿ, ಲೌಫ್‌ಶೂಲೆ ಯಾವಾಗ ಎಂದು ಕೇಳಿ.

ಒಕ್ಕೂಟದ ಹಿರಿಯರೇ, ಲೀಗ್‌ನ ಮಾಲೀಕರೇ, ಕೊನೆಯದಾಗಿ ಒಂದು ಕೋರಿಕೆ. ನಮ್ಮೂರ ರಿಂಕ್‌ಗೆ ಹೊಸ ಯಂತ್ರ ಹಾಕಿಸಬೇಕೋ ಅಥವಾ ರಿಂಕನ್ನೇ ಮುಚ್ಚಬೇಕೋ ಎಂದು ಊರ ಆಡಳಿತ ಅಕ್ಟೋಬರ್‌ನಲ್ಲಿ ಮತ ಹಾಕಲಿದೆ. ಆ ಸಭೆಗೆ ಯಾರು ಬೇಕಾದರೂ ಬರಬಹುದು. ಬಿಟ್ಟುಹೋದ ಆ ಏಳು ಮಕ್ಕಳ ಮನೆಗೂ ಹೋಗಿ ಕರೆದಿದ್ದೇವೆ. ಮೂವರು ಬರುತ್ತೇವೆ ಎಂದಿದ್ದಾರೆ. ಎಲ್ಲ ಮಕ್ಕಳೂ ಜರ್ಸಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕೂರುತ್ತಾರೆ. ನಿಮ್ಮಲ್ಲಿ ಒಬ್ಬರಾದರೂ ಬನ್ನಿ. ಅವರ ಪಕ್ಕದಲ್ಲಿ ನಿಮಗೊಂದು ಕುರ್ಚಿ ಹಿಡಿದಿಟ್ಟಿರುತ್ತೇವೆ.

ಇಂತಿ,
ಕೊಡಗಿನ ಒಬ್ಬ ತಾಯಿ,
ಬವೇರಿಯಾದಿಂದ